ಕಡಲು ಮರಳಿಸದ ಆಟಗಾರ

ಪೋರ್ಟೊರಿಕೊ ದ್ವೀಪದ ಕರೊಲಿನಾ ಎಂಬಲ್ಲಿ 1934ರ ಆಗಸ್ಟ್ 18ರಂದು ರಾಬರ್ಟೊ ಕ್ಲೆಮೆಂಟೆ ಹುಟ್ಟಿದನು. ತಂದೆ ಕಬ್ಬಿನ ತೋಟದಲ್ಲಿ ಮೇಸ್ತ್ರಿ. ತುಂಬಿದ ಮನೆಯ ಕಡೆಯ ಕೂಸು ಈತ.

ಬೇಸ್‌ಬಾಲ್ ಆಟದಲ್ಲಿ ಹೊರಬಯಲನ್ನು ಕಾಯುವವರು ಮೂವರು. ಅವರಲ್ಲಿ ಬಲಬದಿಯವನಿಗೆ, ದೂರದ ಮೂರನೆಯ ನೆಲೆಗೆ ಒಂದೇ ಎಸೆತದಲ್ಲಿ ಚೆಂಡು ಮುಟ್ಟಿಸುವ ತೋಳು ಬೇಕು. ಕ್ಲೆಮೆಂಟೆಗೆ ಆ ತೋಳಿತ್ತು. 1954ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡವು ಅವನನ್ನು ಸೇರಿಸಿಕೊಂಡು ಮಾಂಟ್ರಿಯಲ್ಲಿನ ಕೆಳದರ್ಜೆಯ ತಂಡದಲ್ಲಿರಿಸಿತು. ವರ್ಷಾಂತ್ಯಕ್ಕೆ ಪಿಟ್ಸ್‌ಬರ್ಗ್ ಪೈರೇಟ್ಸ್ ಅವನನ್ನು ಆರಿಸಿಕೊಂಡಿತು. ಮುಂದಿನ ಹದಿನೆಂಟು ಋತುಗಳೂ ಅವನು ಆ ತಂಡದವನೇ.

ಅವನ ಮೈಬಣ್ಣ ಕಪ್ಪು, ಮಾತು ಸ್ಪ್ಯಾನಿಷ್. ಫ್ಲಾರಿಡಾದ ಅಭ್ಯಾಸ ಶಿಬಿರಗಳಲ್ಲಿ ಬಿಳಿಯ ಜೊತೆಗಾರರು ತಂಗುವ ಹೋಟೆಲಿನಲ್ಲಿ ಅವನಿಗೆ ಎಡೆಯಿರಲಿಲ್ಲ. ಪತ್ರಿಕೆಗಳು ಅವನ ತೊದಲು ಇಂಗ್ಲಿಷನ್ನು ಉಚ್ಚಾರದ ತಪ್ಪುಗಳ ಸಮೇತ ಅಚ್ಚುಮಾಡಿದವು. ಬಯಸದ ‘ಬಾಬ್’ ಎಂಬ ಹೆಸರನ್ನೂ ಅಂಟಿಸಿದವು. ಬೆನ್ನುನೋವೆಂದರೆ ಸೋಗೆಂದರು. 1960ರಲ್ಲಿ ತಂಡವು ವಿಶ್ವ ಸರಣಿಯನ್ನು ಗೆದ್ದಿತು. ಏಳು ಪಂದ್ಯಗಳಲ್ಲಿಯೂ ಅವನ ಹೊಡೆತ ಫಲಿಸಿತ್ತು. ಆದರೂ ಆ ವರ್ಷದ ಅತ್ಯುತ್ತಮ ಆಟಗಾರನ ಆಯ್ಕೆಯಲ್ಲಿ ಅವನಿಗೆ ದೊರೆತದ್ದು ಎಂಟನೆಯ ಸ್ಥಾನ. ಆ ನೋವನ್ನು ಅವನು ಮರೆಯಲಿಲ್ಲ. ಉತ್ತರವನ್ನು ದಾಂಡಿನಿಂದಲೇ ಕೊಟ್ಟನು. 1961, 1964, 1965, 1967ರಲ್ಲಿ ಲೀಗಿನ ಹೊಡೆತಗಾರರಲ್ಲಿ ಅವನೇ ಮೊದಲಿಗ. 1966ರಲ್ಲಿ ಕಡೆಗೂ ಆ ಪ್ರಶಸ್ತಿ ಒಲಿಯಿತು. 1971ರ ವಿಶ್ವ ಸರಣಿಯಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ, ಮತ್ತೆ ಏಳೂ ಪಂದ್ಯಗಳಲ್ಲಿ ಹೊಡೆದು ಸರಣಿಯ ಶ್ರೇಷ್ಠ ಆಟಗಾರನಾದನು. ಗೆಲುವಿನ ತರುವಾಯ ಟೆಲಿವಿಷನ್ ಮುಂದೆ ನಿಂತಾಗ ಮೊದಲು ತಂದೆತಾಯಿಗಳನ್ನು ಕುರಿತು ಸ್ಪ್ಯಾನಿಷಿನಲ್ಲಿಯೇ ಮಾತಾಡಿದನು. ಅಣಕಕ್ಕೆ ಗುರಿಯಾಗಿದ್ದ ನಾಲಗೆ ಅಂದು ದೇಶಕ್ಕೆಲ್ಲ ಕೇಳಿಸಿತು.

1972ರ ಸೆಪ್ಟೆಂಬರ್ 30ರಂದು ಅವನು ಮೂರು ಸಾವಿರದ ಹೊಡೆತವನ್ನು ಬಾರಿಸಿದನು. ಲೆಕ್ಕ ಅಲ್ಲಿಗೇ ನಿಂತಿತು.

ಡಿಸೆಂಬರ್ 23ರಂದು ನಿಕರಾಗುವಾದ ಮನಾಗುವಾ ನಗರವು ಭೂಕಂಪದಲ್ಲಿ ನೆಲಸಮವಾಯಿತು. ಕ್ಲೆಮೆಂಟೆ ಬೀದಿಗಿಳಿದು ನೆರವು ಕೂಡಿಸಿದನು. ಕಳುಹಿಸಿದ ಸಾಮಗ್ರಿ ಸಂತ್ರಸ್ತರಿಗೆ ತಲಪದೆ ಸೈನಿಕರ ಪಾಲಾಗುತ್ತಿದೆಯೆಂಬ ಸುದ್ದಿ ಬಂದಿತು. ತಾನೇ ಜೊತೆಗೆ ಹೋದರೆ ಯಾರೂ ಕೈಹಾಕಲಾರರೆಂದು ನಂಬಿ, ಡಿಸೆಂಬರ್ 31ರ ರಾತ್ರಿ ಹಳೆಯ ವಿಮಾನವೊಂದನ್ನು ಏರಿದನು. ಮಿತಿಮೀರಿ ಹೊರೆ ಹೇರಿದ್ದ ಆ ವಿಮಾನ ಸಾನ್ ಹ್ವಾನ್ ಬಿಟ್ಟ ಕೆಲ ಕ್ಷಣಗಳಲ್ಲಿಯೇ ಕಡಲಿಗೆ ಬಿದ್ದಿತು. ಒಳಗಿದ್ದ ಐವರಲ್ಲಿ ಯಾರೂ ಉಳಿಯಲಿಲ್ಲ. ಅವನ ದೇಹವೂ ಸಿಗಲಿಲ್ಲ.

ನಿವೃತ್ತಿಯ ಬಳಿಕ ಐದು ವರ್ಷ ಕಾಯಬೇಕೆಂಬ ನಿಯಮವನ್ನು ಬದಿಗಿಟ್ಟು, 1973ರಲ್ಲಿ ಅವನನ್ನು ಬೇಸ್‌ಬಾಲ್ ಕೀರ್ತಿಮಂದಿರಕ್ಕೆ ಸೇರಿಸಿದರು. ಜನಸೇವೆ ಮಾಡಿದ ಆಟಗಾರನಿಗೆ ಪ್ರತಿವರ್ಷ ಕೊಡುವ ಪ್ರಶಸ್ತಿಗೆ ಅವನ ಹೆಸರಿಟ್ಟರು. ಬದುಕಿದ್ದಾಗ ಅವನ ಪೂರ್ಣ ಹೆಸರನ್ನು ಉಚ್ಚರಿಸಲು ಬೇಸರಪಟ್ಟ ನಾಡು ಇಂದು ಅದನ್ನು ಗೌರವದಿಂದ ಉಚ್ಚರಿಸುತ್ತದೆ.