ಗುರುವಿನ ಅಂತ್ಯಕಾಲಕ್ಕೆ ಆಸರೆಯಾದ ಚಕ್ರವರ್ತಿ

ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಗಲ್ಲಿನಲ್ಲಿ ಅಶೋಕನ ಹೆಸರಿದೆ. ಮಾನ್ವಿ, ದೇವದುರ್ಗಗಳ ಜನರಿಗೆ ಈ ಶಾಸನ ಸುಪರಿಚಿತ. ಆ ಅಶೋಕನ ಪಿತಾಮಹನೇ ಚಂದ್ರಗುಪ್ತ ಮೌರ್ಯ. ಸಾಮ್ರಾಜ್ಯ ಕಟ್ಟಿದ ಈ ಚಕ್ರವರ್ತಿಯನ್ನು ಜೈನ ಪರಂಪರೆ ಗುರುಸೇವೆ ಮಾಡಿದ ಮುನಿಯಾಗಿ ಸ್ಮರಿಸುತ್ತದೆ.

ಉತ್ತರದೇಶಕ್ಕೆ 12 ವರ್ಷಗಳ ಕ್ಷಾಮ ಒದಗಲಿದೆಯೆಂದು ಕೊನೆಯ ಶ್ರುತಕೇವಲಿ ಭದ್ರಬಾಹು ಮುನಿಗಳು ಅರಿತರು. ಮುನಿಸಂಘ ದಕ್ಷಿಣಕ್ಕೆ ಹೊರಟಿತು. ಚಂದ್ರಗುಪ್ತನು ಸಿಂಹಾಸನವನ್ನು ತೊರೆದು, ದೀಕ್ಷೆ ಪಡೆದು, ಗುರುಗಳನ್ನು ಹಿಂಬಾಲಿಸಿದನು. ಶ್ರವಣಬೆಳಗೊಳದ ಕಟವಪ್ರ ಗಿರಿಯನ್ನು ತಲುಪಿದಾಗ ಭದ್ರಬಾಹುಗಳಿಗೆ ತಮ್ಮ ಆಯುಷ್ಯ ಮುಗಿಯುತ್ತಿರುವುದು ತಿಳಿಯಿತು. ವಿಶಾಖಾಚಾರ್ಯರ ನಾಯಕತ್ವದಲ್ಲಿ ಸಂಘವನ್ನು ಮುಂದಕ್ಕೆ ಕಳುಹಿಸಿ, ಅವರು ಸಲ್ಲೇಖನ ವ್ರತ ಕೈಗೊಂಡರು. ಚಂದ್ರಗುಪ್ತ ಮುನಿಗಳು ಮಾತ್ರ ಗುರುಗಳನ್ನು ಬಿಟ್ಟು ಹೋಗಲೊಪ್ಪಲಿಲ್ಲ. ಒಂದು ಕಾಲಕ್ಕೆ ಅಸಂಖ್ಯ ಸೇವಕರಿಂದ ಉಪಚಾರ ಪಡೆದಿದ್ದವರು ನಿರ್ಜನ ಗುಹೆಯಲ್ಲಿ ಗುರುಗಳ ಸೇವೆಗೆ ತಾವೇ ನಿಂತರು.

ಈ ಸೇವೆಗೆ ಜೈನಾಗಮ ಕೊಟ್ಟಿರುವ ಹೆಸರು ವೈಯಾವೃತ್ಯ. ಆರು ಅಂತರಂಗ ತಪಗಳಲ್ಲಿ ಇದೂ ಒಂದು. ರೋಗಿಗಳ, ವೃದ್ಧರ, ಅಂತ್ಯಕಾಲದಲ್ಲಿರುವವರ ಶುಶ್ರೂಷೆಯನ್ನು ಉಪವಾಸ, ಧ್ಯಾನಗಳಂತೆ ತಪಸ್ಸೆಂದೇ ಧರ್ಮ ಎಣಿಸಿದೆ. ಬದುಕು ಇನ್ನಷ್ಟು ಬೇಕೆಂಬ ಆಸೆಯೂ, ಸಾವು ಬೇಗ ಬರಲೆಂಬ ಆಸೆಯೂ ಸಲ್ಲೇಖನಕ್ಕೆ ದೋಷಗಳೇ. ಇವೆರಡರ ನಡುವೆ ಸಾಧಕನ ಮನಸ್ಸು ಕದಲದಂತೆ ಕಾಯುವುದೇ ಸೇವಕನ ಹೊಣೆ.

ಭದ್ರಬಾಹುಗಳು ಸಮಾಧಿಮರಣ ಹೊಂದಿದ ಬಳಿಕವೂ ಚಂದ್ರಗುಪ್ತ ಮುನಿಗಳು ಆ ಗಿರಿಯನ್ನು ಬಿಡಲಿಲ್ಲ. ಗುರುಪಾದಗಳನ್ನು ಅರ್ಚಿಸುತ್ತ ತಪೋನಿರತರಾಗಿದ್ದು, ಕೊನೆಗೆ ತಾವೂ ಸಲ್ಲೇಖನದಿಂದ ದೇಹತ್ಯಾಗ ಮಾಡಿದರು. ಗುರುಗಳ ಅವಸಾನವನ್ನು ಬಳಿಯಲ್ಲಿದ್ದು ಕಂಡವರಿಗೆ ತಮ್ಮ ಅವಸಾನ ಅಪರಿಚಿತವಾಗಿರಲಿಲ್ಲ. ಗುರುಗಳಿಗೆ ಮಾಡಿದ ಸೇವೆಯೇ ಅವರಿಗೆ ಮರಣಭಯವನ್ನು ಗೆಲ್ಲುವ ಪಾಠವಾಯಿತು.

ಕಟವಪ್ರವಿಂದು ಚಂದ್ರಗಿರಿಯೆನಿಸಿದೆ. ಅಲ್ಲಿ ಭದ್ರಬಾಹು ಗುಹೆಯಿದೆ. ಚಂದ್ರಗುಪ್ತ ಬಸದಿಯ ಜಾಲಂಧ್ರಗಳಲ್ಲಿ ಗುರುಶಿಷ್ಯರ ಕಥೆಯನ್ನು 90 ಚಿತ್ರಫಲಕಗಳಲ್ಲಿ ಕೆತ್ತಲಾಗಿದೆ. ಹಾಸಿಗೆ ಹಿಡಿದ ಹಿರಿಯರಿರುವ ಪ್ರತಿ ಮನೆಯಲ್ಲೂ ಅಂಥದೊಂದು ಗುಹೆಯಿದೆ. ಅವರ ಸಾವನ್ನು ತಡೆಯುವ ಶಕ್ತಿ ಯಾರಿಗೂ ಇಲ್ಲ. ಆದರೆ ಬಾಯಾರಿದವರ ತುಟಿ ತೇವಮಾಡಿ, ಮಗ್ಗುಲು ಬದಲಿಸಿ, ಕಿವಿಯ ಬಳಿ ಪಂಚನಮಸ್ಕಾರ ಮಂತ್ರ ಪಠಿಸುತ್ತ ಜೊತೆಗಿರುವುದು ಎಲ್ಲರಿಗೂ ಸಾಧ್ಯ. ಅದರಿಂದ ಹೊರಡುವವರ ಭಯವೂ ತಗ್ಗುತ್ತದೆ, ಉಳಿಯುವವರ ಭಯವೂ ತಗ್ಗುತ್ತದೆ.