ಹೊಟ್ಟೆ ತುಂಬಿದವರ ಎದೆನೋವು

ಎರಡನೇ ಮಹಾಯುದ್ಧ ಮುಗಿದ ಹೊಸತು. ಅಮೆರಿಕದಲ್ಲಿ ಚೆನ್ನಾಗಿ ಉಂಡು ಬದುಕಿದ್ದ ನಡುವಯಸ್ಸಿನ ಗಂಡಸರು ಇದ್ದಕ್ಕಿದ್ದಂತೆ ಹೃದಯಾಘಾತದಿಂದ ಸಾಯುತ್ತಿದ್ದರು. ಯುದ್ಧಕಾಲದಲ್ಲಿ ಊಟಕ್ಕೇ ತತ್ವಾರವಾಗಿದ್ದ ಯುರೋಪಿನ ಕೆಲವು ದೇಶಗಳಲ್ಲಿ ಅಂಥ ಸಾವು ಇಳಿದಿತ್ತು. ಈ ಒಗಟಿನ ಬೆನ್ನು ಹತ್ತಿದವರು ಮಿನ್ನೆಸೋಟ ವಿಶ್ವವಿದ್ಯಾಲಯದ ವಿಜ್ಞಾನಿ ಆನ್ಸೆಲ್ ಕೀಸ್.

1904ರಲ್ಲಿ ಕೊಲೊರಾಡೊದಲ್ಲಿ ಹುಟ್ಟಿದ ಕೀಸ್ ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಯುದ್ಧಕಾಲದಲ್ಲಿ ಸೈನಿಕರಿಗೆ ಕೆ-ರೇಷನ್ ಎಂಬ ಊಟದ ಪೊಟ್ಟಣ ರೂಪಿಸಿದರು. 36 ಸ್ವಯಂಸೇವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು, ಹಸಿವು ದೇಹ-ಮನಸ್ಸನ್ನು ಏನು ಮಾಡುತ್ತದೆ ಎಂದು ದಾಖಲಿಸಿದರು. ಆಮೇಲೆ ಅವರ ಗಮನ ಹೊಟ್ಟೆ ತುಂಬಿದವರ ಕಡೆ ತಿರುಗಿತು.

ಜೀವರಸಾಯನ ವಿಜ್ಞಾನಿಯಾಗಿದ್ದ ಪತ್ನಿ ಮಾರ್ಗರೆಟ್ ಜೊತೆ 1950ರ ದಶಕದಲ್ಲಿ ಅವರು ಊರೂರು ಸುತ್ತಿ ಜನರ ರಕ್ತದ ಕೊಲೆಸ್ಟರಾಲ್ ಅಳೆದರು. ನಮ್ಮಂಥ ವಲಸಿಗರು ಗಮನಿಸಬೇಕಾದ ಸಂಗತಿ ಇಲ್ಲಿದೆ. ಜಪಾನಿನಲ್ಲೇ ಉಳಿದ ಜಪಾನಿಯರಲ್ಲಿ ಕೊಲೆಸ್ಟರಾಲ್ ಕಡಿಮೆ, ಹವಾಯಿಗೆ ಹೋದವರಲ್ಲಿ ಹೆಚ್ಚು, ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದವರಲ್ಲಿ ಇನ್ನೂ ಹೆಚ್ಚು. ವಂಶ ಒಂದೇ, ಬದಲಾಗಿದ್ದು ಊರು ಮತ್ತು ಊಟ.

1958ರಲ್ಲಿ ಅಮೆರಿಕ, ಫಿನ್ಲೆಂಡ್, ನೆದರ್ಲೆಂಡ್ಸ್, ಇಟಲಿ, ಯುಗೊಸ್ಲಾವಿಯ, ಗ್ರೀಸ್ ಮತ್ತು ಜಪಾನ್ ಸೇರಿದ ಏಳು ದೇಶಗಳ ಅಧ್ಯಯನ ಶುರುವಾಯಿತು. 40ರಿಂದ 59 ವಯಸ್ಸಿನ 12,763 ಗಂಡಸರನ್ನು ವರ್ಷಗಟ್ಟಲೆ ಹಿಂಬಾಲಿಸಲಾಯಿತು. ಪೂರ್ವ ಫಿನ್ಲೆಂಡ್‌ನ ಗಟ್ಟಿಮುಟ್ಟಾದ ಶ್ರಮಜೀವಿಗಳಲ್ಲೇ ಹೃದ್ರೋಗ ಅತಿ ಹೆಚ್ಚು. ಅವರ ಊಟದಲ್ಲಿ ಹಾಲು, ಬೆಣ್ಣೆ ಧಾರಾಳ. ಆದರೆ ಆಲಿವ್ ಎಣ್ಣೆಯನ್ನು ಧಾರಾಳವಾಗಿ ಬಳಸುತ್ತಿದ್ದ ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಅತಿ ಕಡಿಮೆ. ಕೊಬ್ಬು ಎಷ್ಟು ಎನ್ನುವುದಕ್ಕಿಂತ ಯಾವುದು ಎನ್ನುವುದು ಮುಖ್ಯ ಎಂದು ಕೀಸ್ ವಾದಿಸಿದರು.

ಟೀಕೆಗಳೂ ಬಂದವು. ದೇಶಗಳ ಆಯ್ಕೆ ಸರಿಯಿಲ್ಲ, ಸಕ್ಕರೆಯನ್ನು ಕಡೆಗಣಿಸಿದರು ಎಂಬ ಆಕ್ಷೇಪ ಇಂದಿಗೂ ಇದೆ. ಆ ಏಳರಲ್ಲಿ ಭಾರತ ಇರಲಿಲ್ಲ. ಮುಂಬೈಯಲ್ಲಿದ್ದ ರೈಲ್ವೆ ವೈದ್ಯ ಡಾ. ಎಸ್.ಎಲ್. ಮಲ್ಹೋತ್ರ 1967ರಲ್ಲಿ ಪ್ರಕಟಿಸಿದ ರೈಲ್ವೆ ನೌಕರರ ಅಧ್ಯಯನ ಬೇರೆಯೇ ಚಿತ್ರ ಕೊಟ್ಟಿತು: ಹಾಲು-ತುಪ್ಪ ಹೆಚ್ಚು ತಿನ್ನುವ ಉತ್ತರದವರಿಗಿಂತ ದಕ್ಷಿಣದವರಲ್ಲೇ ಹೃದ್ರೋಗದ ಸಾವು ಬಹಳ ಹೆಚ್ಚು. ಒಂದೇ ಸೂತ್ರ ಎಲ್ಲರಿಗೂ ಹೊಂದದು.

ಆದರೂ ರಕ್ತದೊತ್ತಡ, ಕೊಲೆಸ್ಟರಾಲ್ ಮತ್ತು ಧೂಮಪಾನದಿಂದ ಅಪಾಯ ಹೆಚ್ಚುತ್ತದೆ ಎಂಬ ಮಾತು ಗಟ್ಟಿಯಾಗಿ ನಿಂತಿದೆ. ಕೀಸ್ ನಿವೃತ್ತಿಯ ಬಹುಕಾಲವನ್ನು ಇಟಲಿಯ ಪಿಯೊಪ್ಪಿ ಎಂಬ ಕಡಲ ಊರಿನಲ್ಲಿ ತಾವೇ ಹೊಗಳಿದ ಊಟ ಮಾಡುತ್ತಾ ಕಳೆದು, 2004ರ ನವೆಂಬರ್‌ನಲ್ಲಿ ನೂರು ದಾಟಿ ತೀರಿಕೊಂಡರು. ಭಾರತೀಯರಿಗೆ ಹೃದಯಾಘಾತ ಪಾಶ್ಚಾತ್ಯರಿಗಿಂತ ಸುಮಾರು ಐದರಿಂದ ಹತ್ತು ವರ್ಷ ಮೊದಲೇ ಬರುತ್ತದೆ. ಪರವೂರಿನ ಕೆಲಸ, ಹೊರಗಿನ ಊಟದ ನಡುವೆ ನಲವತ್ತರ ಆಸುಪಾಸಿನಲ್ಲಿರುವವರು ಬಿಪಿ, ಕೊಲೆಸ್ಟರಾಲ್ ಪರೀಕ್ಷೆಯನ್ನು ಮುಂದಿನ ಸಲ ಊರಿಗೆ ಹೋದಾಗ ಎಂದು ಮುಂದೂಡುವುದು ಬೇಡ.