ಪದವಿ ತರಗತಿಯ ಸಂಶೋಧಕ: ಡಾ. ಆ. ನೇ. ಉಪಾಧ್ಯೆ

ಸಂಶೋಧನೆಯೆಂಬುದು ವಿಶ್ವವಿದ್ಯಾಲಯದ ದೊಡ್ಡ ಕಟ್ಟಡಗಳಲ್ಲಿ ಮಾತ್ರ ನಡೆಯತಕ್ಕದ್ದೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರ ಜೀವನವನ್ನು ಬಲ್ಲವರು ಇದನ್ನು ಒಪ್ಪಲಾರರು. ಅವರ ಮಹತ್ಕಾರ್ಯದ ಬಹುಭಾಗ ಗಡಿನಾಡಿನ ಒಂದು ಕಾಲೇಜಿನ ಪಾಠಪ್ರವಚನಗಳ ನಡುವೆಯೇ ಸಾಗಿತು.

ಉಪಾಧ್ಯೆಯವರು 1906ರ ಫೆಬ್ರುವರಿ 6ರಂದು ಬೆಳಗಾವಿ ಜಿಲ್ಲೆಯ ಸದಲಗಾ ಗ್ರಾಮದಲ್ಲಿ ಜನಿಸಿದರು. ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಸಂಸ್ಕೃತ, ಪ್ರಾಕೃತಗಳನ್ನು ಓದಿ ಬಿ.ಎ. ಪದವಿಯನ್ನೂ, 1930ರಲ್ಲಿ ಎಂ.ಎ. ಪದವಿಯನ್ನೂ ಪಡೆದರು. ಅದೇ ವರ್ಷ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾದರು. 1962ರವರೆಗೆ ಅಲ್ಲಿಯೇ ಉಳಿದರು. ಶಾಸನಗಳ ಶೋಧದಲ್ಲಿ ತೊಡಗಿದ್ದ ಕೆ. ಜಿ. ಕುಂದಣಗಾರರು ಅದೇ ಕಾಲೇಜಿನಲ್ಲಿದ್ದರು. ಮರಾಠಿ ಸೀಮೆಯ ಒಂದೇ ಕಾಲೇಜಿನಲ್ಲಿ ಇಂತಹ ಇಬ್ಬರು ಕನ್ನಡ ನಾಡಿನ ವಿದ್ವಾಂಸರು ಕೂಡಿದ್ದುದು ಸಣ್ಣ ಸಂಗತಿಯಲ್ಲ.

ಪ್ರಾಕೃತ ಕಲಿಯುವ ವಿದ್ಯಾರ್ಥಿಗೆ ಆಗ ಶುದ್ಧವಾದ ಪಠ್ಯಗಳೇ ವಿರಳ. ಉಪಾಧ್ಯೆಯವರು ಹಸ್ತಪ್ರತಿಗಳನ್ನು ತಾಳೆನೋಡಿ, ಪಾಠಾಂತರ, ಪೀಠಿಕೆ, ಅನುವಾದ, ಟಿಪ್ಪಣಿಗಳೊಡನೆ ಪಠ್ಯಗಳನ್ನು ಸಿದ್ಧಪಡಿಸತೊಡಗಿದರು. ಕೇರಳದ ರಾಮಪಾಣಿವಾದನ ‘ಕಂಸವಹೋ’ ಕಾವ್ಯವು 1940ರಲ್ಲಿ ಹೀಗೆಯೇ ಹೊರಬಂದಿತು. ಪಂಡಿತನಿಗೆ ಬೇಕಾದ ಪಾಠಾಂತರಗಳೂ ವಿದ್ಯಾರ್ಥಿಗೆ ಬೇಕಾದ ಅರ್ಥವಿವರಣೆಯೂ ಒಂದೇ ಪುಸ್ತಕದಲ್ಲಿದ್ದುದರಿಂದ ಬೋಧನೆ ಬೇರೆ, ಶೋಧನೆ ಬೇರೆ ಎಂಬ ಗೋಡೆ ಅಲ್ಲಿ ಉಳಿಯಲಿಲ್ಲ.

ಅವರ ಕೃತಿಗಳಲ್ಲಿ ನಮಗೆ ಹೆಚ್ಚು ಹತ್ತಿರವಾದುದು 1938ರಲ್ಲಿ ಪ್ರಕಟವಾದ ‘ವರಾಂಗಚರಿತ’. ಹಿಂದಿನ ಕವಿಗಳು ಹೊಗಳಿದ್ದ ಈ ಸಂಸ್ಕೃತ ಕಾವ್ಯದ ಕರ್ತೃ ಯಾರೆಂಬುದೇ ಮಸುಕಾಗಿತ್ತು. ಕೊಲ್ಲಾಪುರದ ಲಕ್ಷ್ಮೀಸೇನ ಮಠದಲ್ಲಿ ಅದರ ತಾಳೆಗರಿ ಪ್ರತಿಯೊಂದು ಉಪಾಧ್ಯೆಯವರ ಕೈಗೆ ಬಂದಿತು. ಭಾಷೆ ಸಂಸ್ಕೃತ, ಲಿಪಿ ಕನ್ನಡ! ‘ಚಾವುಂಡರಾಯಪುರಾಣ’ ಮೊದಲಾದ ಕನ್ನಡ ಗ್ರಂಥಗಳ ಉಲ್ಲೇಖಗಳನ್ನು ಒರೆಗೆ ಹಚ್ಚಿ, ಜಟಾಸಿಂಹನಂದಿಯೇ ಅದರ ಕವಿಯೆಂದು ಅವರು ನಿರ್ಣಯಿಸಿದರು. ಕೊಪ್ಪಳದ ಬೆಟ್ಟದ ಮೇಲೆ ಕೊರೆದ ಪಾದಚಿಹ್ನೆಗಳ ಬಳಿಯ ಕನ್ನಡ ಬರಹದಲ್ಲಿ ಕಾಣುವ ಜಟಾಸಿಂಗನಂದಿ ಆಚಾರ್ಯನ ಹೆಸರೂ ಈ ಚರ್ಚೆಗೆ ಬೆಳಕಾಯಿತು. ಕನ್ನಡ ಬಾರದ ವಿದ್ವಾಂಸನಿಗೆ, ಎಷ್ಟೇ ಸಂಸ್ಕೃತಜ್ಞನಾಗಿದ್ದರೂ, ಈ ದಾರಿ ತೆರೆಯುತ್ತಿರಲಿಲ್ಲ.

ನಮ್ಮ ಸೊಲ್ಲಾಪುರಕ್ಕೂ ಅವರಿಗೂ ನಂಟಿತ್ತು. ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರ ದಾನದಿಂದ ಇಲ್ಲಿ ಸ್ಥಾಪಿತವಾದ ಜೀವರಾಜ ಜೈನ ಗ್ರಂಥಮಾಲೆಯ ಸಂಪಾದಕತ್ವವನ್ನು ಉಪಾಧ್ಯೆಯವರು ಡಾ. ಹೀರಾಲಾಲ ಜೈನರೊಡನೆ ವಹಿಸಿದರು. ಇಬ್ಬರೂ ಕಾಲೇಜು ಅಧ್ಯಾಪಕರು. ಗ್ರಂಥಮಾಲೆಯ ಮೊದಲ ಕೃತಿಯಾದ, ಯತಿವೃಷಭನ ‘ತಿಲೋಯಪಣ್ಣತ್ತಿ’ 1943 ಮತ್ತು 1951ರಲ್ಲಿ ಎರಡು ಭಾಗಗಳಾಗಿ ಹೊರಬಂದಿತು. ಲೋಕಸ್ವರೂಪವನ್ನು ವಿವರಿಸುವ ಈ ಪ್ರಾಕೃತ ಗ್ರಂಥದಲ್ಲಿ ಗಣಿತದ ಚರಿತ್ರೆಗೂ ವಿಪುಲ ಸಾಮಗ್ರಿಯಿದೆ. ಸೊಲ್ಲಾಪುರವೆಂದರೆ ಗಿರಣಿ, ಚಾದರಗಳಷ್ಟೇ ಎಂದು ತಿಳಿದವರು ಇದನ್ನೂ ಗಮನಿಸಬೇಕು.

‘ಪ್ರವಚನಸಾರ’ದ ಸಂಪಾದನೆ 1935ರದು. ಮುಂಬಯಿ ವಿಶ್ವವಿದ್ಯಾಲಯ 1939ರಲ್ಲಿ ಅವರಿಗೆ ಡಿ.ಲಿಟ್. ಪದವಿಯನ್ನಿತ್ತಿತು. ಉದ್ಯೋತನಸೂರಿಯ ‘ಕುವಲಯಮಾಲಾ’ ಮೂಲಪಾಠ 1959ರಲ್ಲಿ ಪ್ರಕಟವಾಯಿತು. ಅದರ ಪೀಠಿಕೆ, ಟಿಪ್ಪಣಿಗಳ ಸಂಪುಟಕ್ಕೆ ಓದುಗರು 1970ರವರೆಗೆ ಕಾಯಬೇಕಾಯಿತು. ಅವಸರ ಅವರ ಸ್ವಭಾವವಾಗಿರಲಿಲ್ಲ.

1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ಸಂದಿತು. ಮುಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತದ ಪ್ರಾಧ್ಯಾಪಕರಾಗಿ ದುಡಿದು, 1975ರ ಅಕ್ಟೋಬರ್‌ನಲ್ಲಿ ನಿಧನರಾದರು.